ಐದು ಬಾಟಲಿ ಮರಳು

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಸಿಪ್ಪೆ ಸುಲಿದ ಬೆಂದ ಆಲೂಗಡ್ಡೆಯಂಥ ನುಣುಪು ಚರ್ಮ. ಹಡಗಿನ ಇಂಜಿನ್ ರೂಮಿನಲ್ಲಿ ಯಾವುದೋ ವಾಲ್ವು ಅದನ್ನು ತೆಗೆದುಕೊಂಡಿತ್ತಂತೆ. "ಹೋಗಿದ್ದು ಒಳ್ಳೇದೇ ಆಯ್ತು ಬಿಡಯ್ಯ, ಉಗುರಿದ್ದಿದ್ರೆ ಇಷ್ಟು ಗೊತ್ತಾಗ್ತಿರಲಿಲ್ಲ" ಎನ್ನುತ್ತಿದ್ದರು. ಹಳೆಯ ಕಾರಿನ ಆಯಿಲನ್ನು ಆ ಬೆರಳಿಗೆ ಒಂದು ತೊಟ್ಟು ಹಚ್ಚಿಕೊಂಡು ಉಜ್ಜಿದರೆ ಸಾಕು, ಆ ಇಂಜಿನ್ ಇನ್ನು ಎಷ್ಟು ದಿನ ಎಂದು ಹೇಳಿಬಿಡುತ್ತಿದ್ದರು.

ನಾನು ಅವರನ್ನು ಚೀಫ್ ಎಂದೇ ಕರೆಯುತ್ತಿದ್ದೆ. ಸಮುದ್ರವೇ ಇಲ್ಲದ ಕೋಲಾರದ ಕಡೆಯಿಂದ ಹೋಗಿ ಸರಕಿನ ಹಡಗಿನಲ್ಲಿ ಚೀಫ್ ಇಂಜಿನಿಯರ್ ಆಗಿ, ನಿವೃತ್ತಿಯಾದ ಮೇಲೆ ಮಗಳಿರುವ ಊರೆಂದು ಸಿಯಾಟಲ್ಲಿಗೆ ಬಂದವರು. ಮಗಳ ಮನೆ ಹೈವೇ ಪಕ್ಕದ ಈಸ್ಟ್‌ಗೇಟ್ ಬಡಾವಣೆಯಲ್ಲಿ. ಇವರು ಮಾತ್ರ ಸಮುದ್ರದ ಪಕ್ಕದ ಶೋರ್‌ಲೈನಿನಲ್ಲಿ ಬೇರೆ ಮನೆ ಮಾಡಿಕೊಂಡಿದ್ದರು. "ಮಗಳ ಮನೇಲಿ ಕಿಟಕಿ ತೆಗೆದ್ರೆ ಹೈವೇ ಸದ್ದು. ಇಲ್ಲಿ ಕಿವಿಗೊಟ್ರೆ ಹಡಗಿನ ಹಾರ್ನಾದ್ರೂ ಕೇಳುತ್ತೆ" ಎನ್ನುವುದು ಅವರ ಕಾರಣ.

ನಾನು ತಿಪಟೂರಿನವನು. ಐಟಿಐ ಓದಿದವನು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಅವರ ಮನೆಯ ಕೆಳಗಿನ ಕೋಣೆಯನ್ನು ಬಾಡಿಗೆಗೆ ಕೇಳಲು ಹೋದೆ. ನನ್ನ ಅಭ್ಯಾಸದಂತೆ ಗೋಡೆಯ ತೇವ ತೋರಿಸಿದೆ, ಹೀಟರಿನ ಗೊರಗೊರ ತೋರಿಸಿದೆ, ಬಾಡಿಗೆ ಇಳಿಸಿ ಎಂದೆ. ಅವರು ಎಲ್ಲ ಕೇಳಿಸಿಕೊಂಡು, "ಹೀಟರ್ ರಿಪೇರಿ ಮಾಡೋಕೆ ಬರುತ್ತಾ?" ಅಂದರು. ಬರುತ್ತೆ ಅಂದೆ. "ಮತ್ತೆ ನೀನೇ ಸರಿ ಮಾಡ್ಕೊ, ಬಾಡಿಗೆ ಅಷ್ಟೇ." ಜೀವನದಲ್ಲಿ ನಾನು ಚೌಕಾಸಿಯಲ್ಲಿ ಸೋತದ್ದು ಅವರೊಬ್ಬರ ಮುಂದೆ.

ಸೋತು ಗೆದ್ದೆ ಎನ್ನಬೇಕು. ಹಳೆಯ ಕಾರು ಕೊಂಡು, ಸರಿಪಡಿಸಿ, ಮಾರುವ ಕಸುಬನ್ನು ನಾನು ಶುರು ಮಾಡಿದ್ದು ಅವರ ಮನೆ ಮುಂದೆಯೇ. ಕಾರು ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುತ್ತಿದ್ದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ಕೇಳುವರು. ಆಮೇಲೆ ಮಾರುವವನ ಎದುರಿಗೇ ಕನ್ನಡದಲ್ಲಿ, "ಇಂಜಿನ್ ಒಂದು ಹೇಳ್ತಿದೆ, ಇವನೊಂದು ಹೇಳ್ತಿದಾನೆ. ನಾನು ಇಂಜಿನ್ ಕಡೆ" ಅನ್ನುವರು. ನೀವು ಹಳೆಯ ಕಾರು ಕೊಳ್ಳುವುದಾದರೆ ಇದೊಂದು ನೆನಪಿಟ್ಟುಕೊಳ್ಳಿ: ಮೊದಲು ಇಂಜಿನ್ ಮುಟ್ಟಿ ನೋಡಿ. ಆಗಲೇ ಬೆಚ್ಚಗಿದ್ದರೆ, ನೀವು ಬರುವ ಮುಂಚೆಯೇ ಅದನ್ನು ಓಡಿಸಿ, ತಣ್ಣಗಿದ್ದಾಗ ಕಾಣುವ ದೋಷ ಮರೆಮಾಡಿದ್ದಾರೆ ಎಂದರ್ಥ. ಹೇಳಿಕೊಟ್ಟವರು ಚೀಫ್.

ಅವರ ಅಡಿಗೆಮನೆಯ ಕಿಟಕಿಯಲ್ಲಿ ಐದು ಜಾಮ್ ಬಾಟಲಿಗಳಿದ್ದವು. ಒಳಗೆ ಮರಳು. ಒಂದು ಬಿಳಿ, ಒಂದು ಜೇನಿನ ಬಣ್ಣ, ಮೂರು ಕಪ್ಪು. ಪ್ರತಿಯೊಂದಕ್ಕೂ ಕನ್ನಡದಲ್ಲಿ ಗುಂಡಗೆ ಬರೆದ ಚೀಟಿ: ಅವಲಕ್ಕಿ ಬಿಳಿ, ಜೇನು, ಹಸಿರು ಕೆರೆ ಕಪ್ಪು, ಮೀನುಹಳ್ಳಿ ಕಪ್ಪು, ದೊಡ್ಡಲೆ ಕಪ್ಪು.

ಎಲ್ಲವೂ ಒಂದೇ ದ್ವೀಪದವು. ಆಫ್ರಿಕಾದ ಪಕ್ಕ ಅಟ್ಲಾಂಟಿಕ್‌ನಲ್ಲಿರುವ ಲಾನ್ಸರೋಟೆ, ಸ್ಪೇನಿಗೆ ಸೇರಿದ್ದು, ಪೂರ್ತಿ ಜ್ವಾಲಾಮುಖಿ ಕಕ್ಕಿ ಮಾಡಿದ್ದು. ಚೀಫ್ ಇನ್ನೂ ಜೂನಿಯರ್ ಆಗಿದ್ದಾಗ ಅವರ ಹಡಗು ಕೆಟ್ಟು ಅಲ್ಲಿ ಎರಡು ತಿಂಗಳು ನಿಂತಿತ್ತು. ಬಿಡಿಭಾಗ ಬರುವವರೆಗೆ ಕೆಲಸವಿಲ್ಲ. ಇವರು ದಿನಕ್ಕೊಂದು ಕಡಲತೀರ ನಡೆದು ನೋಡಿದರಂತೆ. ಮನಸ್ಸಿಗೆ ಹಿಡಿಸಿದ ಐದು ಕಡೆ ಒಂದೊಂದು ಬಾಟಲಿ ತುಂಬಿಕೊಂಡರು. ದೊಡ್ಡಲೆ ಎಂದು ಇವರೇ ಹೆಸರಿಟ್ಟ ತೀರದಲ್ಲಿ ಒಬ್ಬ ಮುದುಕಿಯ ಊಟದಂಗಡಿ. ಇವರು ಮೀನು ತಿನ್ನುವುದಿಲ್ಲ ಎಂದು ಅವಳು ಉಪ್ಪುನೀರಲ್ಲಿ ಬೇಯಿಸಿದ ಸಣ್ಣ ಆಲೂಗಡ್ಡೆಗೆ ಮೆಣಸಿನಕಾಯಿ ಚಟ್ನಿ ಹಾಕಿ ಕೊಡುತ್ತಿದ್ದಳು. ಕೊನೆಯ ದಿನ ಇವರ ಕೈಯಲ್ಲಿ ಬಾಟಲಿ ನೋಡಿ, "ನಮ್ಮಲ್ಲಿ ಮಳೆಯಿಲ್ಲ, ಮರವಿಲ್ಲ. ಇರೋದು ಇದೊಂದು. ಇದನ್ನೂ ಹೊತ್ಕೊಂಡು ಹೋಗ್ತೀಯಾ?" ಅಂದಳಂತೆ. ಇವರು ನಾಚಿಕೊಂಡು, "ಮುಂದಿನ ಸಲ ಬರುವಾಗ ಎಲ್ಲಾ ವಾಪಸ್ ತರ್ತೀನಿ" ಎಂದು ಮಾತು ಕೊಟ್ಟರು. ಮುಂದಿನ ಸಲ ಎನ್ನುವುದು ಬರಲೇ ಇಲ್ಲ. ಹಡಗುಗಳು ಬೇರೆ ದಾರಿ ಹಿಡಿದವು.

"ಒಂದು ಹಿಡಿ ಮರಳಿಗೆ ಯಾರು ಕಾಯ್ತಾರೆ ಚೀಫ್?" ಎಂದು ನಾನೊಮ್ಮೆ ನಕ್ಕಿದ್ದೆ.

"ಅವಳು ಕಾಯಲ್ಲ ಕಣಯ್ಯ. ನಾನು ಕಾಯ್ತಿದೀನಿ" ಅಂದರು.

ನನಗೆ ಮದುವೆಯಾಗಿ, ಹತ್ತಿರದಲ್ಲೇ ಸ್ವಂತ ಮನೆ ಮಾಡಿಕೊಳ್ಳುವಷ್ಟರಲ್ಲಿ ಅವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಆ ದಿನಗಳಲ್ಲೇ ಇಂಟರ್ನೆಟ್ಟಿನಲ್ಲಿ ಟಿಕೆಟ್ ತಡಕಾಡುವಾಗ ನನಗೆ ಜನವರಿ ತಿಂಗಳಿಗೆ ಲಾನ್ಸರೋಟೆ ಬಹಳ ಅಗ್ಗಕ್ಕೆ ಸಿಕ್ಕಿತು. ಸತ್ಯ ಹೇಳುತ್ತೇನೆ, ಚೀಫ್‌ಗಾಗಿ ಕೊಂಡದ್ದಲ್ಲ, ಅಗ್ಗವೆಂದು ನಮ್ಮಿಬ್ಬರಿಗೂ ಕೊಂಡೆ. ಹೇಳಿದಾಗ ಅವರು ಎದ್ದು ಹೋಗಿ, ಬಾಟಲಿಗಳನ್ನು ಒಂದೊಂದಾಗಿ ಪಂಚೆಯ ಅಂಚಿನಲ್ಲಿ ಒರೆಸಿ ಮೇಜಿನ ಮೇಲಿಟ್ಟರು. ಜಾಗ ಗುರುತು ಹಾಕಿದ ಒಂದು ನಕ್ಷೆಯನ್ನೂ ಬರೆದುಕೊಟ್ಟರು.

"ಯಾವುದರ ಮರಳು ಅದರ ಜಾಗಕ್ಕೇ ಹೋಗಬೇಕು. ಅಷ್ಟೇ ನಾನು ಕೇಳೋದು. ಬಾಟ್ಲಿ ವಾಪಸ್ ತಾ."

ಇಲ್ಲಿ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ಗಾಜು ಭಾರ, ಒಡೆಯುವ ಸಾಮಾನು. ಮರಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳಿಗೆ ಸುರಿದುಕೊಂಡರೆ ಆಯಿತಲ್ಲ? ಸುರಿದೆ. ಐದು ಒಳ್ಳೆಯ ಬಾಟಲಿ ಖಾಲಿಯಾಗಿ ಕಣ್ಣೆದುರು ನಿಂತವು. ನಮ್ಮ ಮನೆಗಳಲ್ಲಿ ಖಾಲಿ ಬಾಟಲಿ ಕಂಡರೆ ಕೈ ಏನು ಮಾಡುತ್ತದೆ ಎಂದು ನಿಮಗೆ ಗೊತ್ತು. ಕಾಫಿಪುಡಿಯದ್ದೋ ಉಪ್ಪಿನಕಾಯಿಯದ್ದೋ, ಬಿಸಿನೀರಿಗೆ ಸೋಡಾಪುಡಿ ಹಾಕಿ ನೆನೆಸಿ, ಚೀಟಿ ಕಿತ್ತು, ತೊಳೆದು ಬೋರಲು ಹಾಕಿದರೆ ಜೀರಿಗೆಗೋ ಮೆಂತ್ಯಕ್ಕೋ ಆಗುತ್ತದೆ. ಚೀಫ್‌ಗೆ ಹೊಳೆಯುವ ಬಾಟಲಿ ಕೊಡೋಣ ಎಂದು ನಮ್ಮ ಮನೆಯ ಸಿಂಕಿನಲ್ಲಿ ನೆನೆಹಾಕಿ, ಪ್ಯಾಕಿಂಗ್ ಗಡಿಬಿಡಿಗೆ ಓಡಿದೆ. ಚೀಲಗಳ ಮೇಲೆ ಏನೂ ಬರೆಯಲಿಲ್ಲ. ಬಿಳಿ ಬಿಳಿಯೇ, ಜೇನು ಜೇನೇ, ಕಪ್ಪು ಅಂದರೆ ಕಪ್ಪು ಎಂದುಕೊಂಡಿದ್ದೆ.

ದ್ವೀಪದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಚೀಲ ಎತ್ತಿ ಹಿಡಿದು ಏನಿದು ಎಂದ. "ಮರಳು" ಎಂದೆ. ಯಾರದ್ದು? "ನಿಮ್ಮದೇ. ವಾಪಸ್ ತಂದಿದೀನಿ." ಅವನು ಪಕ್ಕದವನನ್ನು ಕರೆದು ಏನೋ ಹೇಳಿದ. ಇಬ್ಬರೂ ನಕ್ಕು ನಮ್ಮನ್ನು ಒಳಗೆ ಬಿಟ್ಟರು.

ಮೊದಲೆರಡು ತೀರ ಸುಲಭವಾಗಿ ಮುಗಿದವು. ಉತ್ತರದ ತುದಿಯಲ್ಲಿ ಕರಿಯ ಬಂಡೆಗಳ ನಡುವೆ ಹಾಲಿನಂಥ ನೀರು. ಅಲ್ಲಿನ ಮರಳು ನಿಜಕ್ಕೂ ದಪ್ಪ ಅವಲಕ್ಕಿಯ ಹಾಗೆ, ಕಡಲಪಾಚಿ ಕಲ್ಲಾಗಿ ಪುಡಿಯಾದದ್ದು. ದಕ್ಷಿಣದಲ್ಲಿ ಗುಡ್ಡ ಇಳಿದರೆ ಸಣ್ಣ ಸಣ್ಣ ಕೊಲ್ಲಿಗಳು, ಜೇನಿನ ಬಣ್ಣದ ಮರಳು, ಕಾಲಿಗೆ ಹುರಿದ ರವೆಯ ಹಾಗೆ ಬೆಚ್ಚಗೆ. ಅಲ್ಲಿ ಗಾಳಿ ಬೀಸದ ಕೊಲ್ಲಿ ಆರಿಸಿಕೊಳ್ಳಿ, ಮಧ್ಯಾಹ್ನದ ಮೇಲೆ ಹೋಗಿ, ನೀರು ಜೊತೆಗಿರಲಿ. ಒಂದೇ ದ್ವೀಪ, ಅರ್ಧ ಗಂಟೆ ಡ್ರೈವ್ ಮಾಡಿದರೆ ನೆಲದ ಬಣ್ಣವೇ ಬೇರೆ. ಹೆಂಡತಿ, "ಇಲ್ಲೇ ಒಂದ್ ನಾಕ್ ದಿನಾ ಇರೂಣ್ರಿ" ಎಂದಳು. ಅವಳು ಗದಗಿನವಳು.

ಮೂರನೆಯ ದಿನ ದೊಡ್ಡಲೆಗೆ ಹೋದೆವು. ಅಲ್ಲಿ ಮರಳೇ ಇರಲಿಲ್ಲ. ತೆಂಗಿನಕಾಯಿ ಗಾತ್ರದ ಕರಿ ಕಲ್ಲುಗಳು, ಅವುಗಳ ಮೇಲೆ ಮನೆಯೆತ್ತರದ ಅಲೆ. ಹೋಲಿಸಿ ನೋಡೋಣವೆಂದರೆ ಹಿಡಿ ಮರಳಿಲ್ಲ. ಕೈಯಲ್ಲಿ ಕಪ್ಪು ಮರಳಿನ ಮೂರು ಚೀಲ. ಬಿಸಿಲಿಗೆ ಹಿಡಿದೆ, ತೂಗಿ ನೋಡಿದೆ. ಮೂರೂ ನನಗೆ ಒಂದೇ.

"ಯಾವ್ದು ಹಾಕ್ತೀರಿ?" ಹೆಂಡತಿ ಕೇಳಿದಳು.

"ಯಾವುದೋ ಒಂದು ಸುರಿದು ಫೋಟೋ ತೆಗೆಯೋಣ. ಯಾರಿಗೆ ಗೊತ್ತಾಗುತ್ತೆ?"

"ಹಳೇ ಕಾರಿಗೆ ಹೊಸಾ ಬಣ್ಣಾ ಬಳದು ಮಾರವ್ರನ್ನ ಬೈತೀರಲ್ಲ, ಇದೇನ್ ಮತ್ತ?"

ಆ ಮಾತು ಸರಿಯಾಗಿ ತಾಗಿತು. ಅಂಗಡಿಯಲ್ಲಿ ಫೋನ್ ಕಾರ್ಡ್ ಕೊಂಡು, ರಸ್ತೆ ಬದಿಯ ಬೂತಿನಿಂದ ಶೋರ್‌ಲೈನಿಗೆ ಕಾಲ್ ಮಾಡಿದೆ. ಅಲ್ಲಿ ಬೆಳಿಗ್ಗೆ. ಡಯಾಲಿಸಿಸ್ ಇಲ್ಲದ ದಿನ.

"ಏನಯ್ಯ, ಸಮುದ್ರ ಇನ್ನೂ ಅಲ್ಲೇ ಇದೆಯಾ?"

"ಇದೆ ಚೀಫ್. ಮರಳಿಲ್ಲ. ಬರೀ ಕಲ್ಲು."

ಅವರು ಜೋರಾಗಿ ನಕ್ಕರು. "ಅಗ್ಗ ಅಂತ ಜನವರೀಲಿ ಹೋದ್ರೆ ಇನ್ನೇನು? ಚಳಿಗಾಲದಲ್ಲಿ ಸಮುದ್ರ ಮರಳನ್ನ ಒಳಕ್ಕೆ ಎಳ್ಕೊಳುತ್ತೆ, ಬೇಸಿಗೇಲಿ ತಂದು ಹಾಕುತ್ತೆ. ನೀನು ಸುರಿ, ಮಿಕ್ಕಿದ್ದು ಅದು ನೋಡ್ಕೊಳುತ್ತೆ."

ಅಲ್ಲಿಗೇ ಫೋನಿಟ್ಟರೂ ನಡೆಯುತ್ತಿತ್ತು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಚೀಫ್, ಒಂದು ತಪ್ಪಾಗಿದೆ. ಬಾಟಲಿ ಬಿಟ್ಟು ಚೀಲಕ್ಕೆ ಹಾಕ್ಕೊಂಡು ಬಂದೆ. ಮೂರು ಕಪ್ಪಲ್ಲಿ ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ."

"ಚೀಟಿ?"

"ಬಾಟಲಿ ತೊಳೆಯೋಕೆ ಅಂತ ಬಿಸಿನೀರಲ್ಲಿ ನೆನೆಸಿ..."

ಕಾರ್ಡು ಮುಗಿಯಿತೇನೋ ಎಂದುಕೊಂಡೆ. ಆಮೇಲೆ ಬಹಳ ಮೆಲ್ಲಗೆ, "ಅದು ಅವಳ ಅಕ್ಷರ ಕಣಯ್ಯ" ಅಂದರು.

ತೀರಿಹೋದ ಅವರ ಹೆಂಡತಿಯ ಅಕ್ಷರ. ಇಷ್ಟು ವರ್ಷ ಆ ಕಿಟಕಿಯ ಪಕ್ಕ ಕೂತು ಕಾಫಿ ಕುಡಿದಿದ್ದೆ. ಯಾರು ಬರೆದದ್ದು ಎಂದು ಒಮ್ಮೆಯೂ ಕೇಳಿರಲಿಲ್ಲ. ಬೂತಿನ ಗಾಜಿಗೆ ಒರಗಿ ನಿಂತೆ. ನನ್ನ ಮುಖ ನೋಡಿ ಹೆಂಡತಿ, "ಏನಂತ್ರೀ?" ಎಂದು ತೋಳು ಅಲ್ಲಾಡಿಸಿದಳು. ಹೇಳಿದೆ. ಅವಳು ಫೋನ್ ಕಿತ್ತುಕೊಂಡಳು.

"ಅಂಕಲ್, ಆ ಚೀಟಿ ನಾ ಒಗದಿಲ್ರಿ. ಇವ್ರು ನೆನಿಲಿಕ್ಕೆ ಹಾಕಿ ಹೋದ್ರು. ಅಷ್ಟು ಚೆಂದ ಅಕ್ಷರ ಹೆಂಗ ಒಗೀಲಿ? ಐದೂ ನಮ್ ಅಡಗಿಮನಿ ಕಿಟಕಿ ಗಾಜಿಗೆ ಹಚ್ಚೀನ್ರಿ. ಒಣಗ್ಯಾವ, ಒಂದೂ ಹರದಿಲ್ಲ."

ಹಣೆಯ ಟಿಕಳಿ ತೆಗೆದು ಕನ್ನಡಿಗೆ ಅಂಟಿಸಿಡುವ ಅವಳ ಅಭ್ಯಾಸಕ್ಕೆ ನಾನು ಎಷ್ಟು ಸಲ ರೇಗಿದ್ದೆನೋ. ಅವತ್ತಿನಿಂದ ರೇಗಿಲ್ಲ. ನನ್ನ ಎದೆಯ ಮೇಲಿಂದ ಯಾರೋ ಜ್ಯಾಕ್ ಹಾಕಿ ಕಾರೆತ್ತಿದ ಹಾಗಾಯಿತು.

ಅಲ್ಲಿಂದ ಚೀಫ್ ದನಿಯೂ ಎದ್ದಿತು. "ನಿನಗಿಂತ ಅವಳೇ ವಾಸಿ. ಈಗ ನಾನು ಹೇಳ್ದಂಗೆ ಮಾಡು. ಬಿಳಿ ತಟ್ಟೆ ತಗೊ, ಒಂದು ನಿಂಬೆಹಣ್ಣು ತಗೊ. ಮೂರನ್ನೂ ಬೇರೆ ಬೇರೆ ಹಾಕಿ ನಿಂಬೆರಸ ಹಿಂಡು. ಯಾವುದು ಬುರುಬುರು ನೊರೆ ಬರುತ್ತೋ ಅದು ಮೀನುಹಳ್ಳಿದು, ಅದರಲ್ಲಿ ಚಿಪ್ಪಿನ ಪುಡಿ ಇದೆ. ಇನ್ನೆರಡನ್ನ ಬಿಸಿಲಿಗೆ ಹಿಡಿ. ಹಸಿರು ಗಾಜಿನ ಚೂರು ತರ ಮಿಂಚಿದ್ರೆ ಹಸಿರು ಕೆರೇದು. ಉಳಿದಿದ್ದನ್ನ ಹೆಬ್ಬೆರಳಲ್ಲಿ ಉಜ್ಜಿ ನೋಡು. ಸಾಸಿವೆ ತರ ಉರುಳುತ್ತೆ, ಅಂಟಲ್ಲ. ಅದು ದೊಡ್ಡಲೆ. ಉಗುರಿರೋ ಬೆರಳಿಗೆ ಸ್ವಲ್ಪ ಕಷ್ಟ, ನಿಧಾನವಾಗಿ ಉಜ್ಜು."

ಬಾಡಿಗೆ ಕೋಣೆಯ ಬಾಲ್ಕನಿಯಲ್ಲಿ ಕೂತು ಮಾಡಿದೆವು. ಮೊದಲನೆಯ ತಟ್ಟೆಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದು ಈನೋ ಹಾಕಿದ ಹಾಗೆ ಬುಸ್ಸೆಂದಿತು. ಹೆಂಡತಿ ಚಪ್ಪಾಳೆ ಹೊಡೆದಳು. ಉಳಿದೆರಡರಲ್ಲಿ ಒಂದನ್ನು ಬಿಸಿಲಿಗೆ ತಿರುಗಿಸಿದರೆ ಕಪ್ಪಿನ ನಡುವೆ ಎಳೆ ಹಸಿರಿನ ಕಾಳುಗಳು. ಕೊನೆಯದನ್ನು ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಉಜ್ಜಿದೆ. ಉರುಳಿತು. ಮೂರು ಚೀಲದ ಮೇಲೂ ದಪ್ಪಕ್ಷರದಲ್ಲಿ ಹೆಸರು ಬರೆದ ಮೇಲೆಯೇ ಊಟ.

ಮರುದಿನ ಹಸಿರು ಕೆರೆ. ಒಡೆದ ಜ್ವಾಲಾಮುಖಿಯ ಬಾಯೊಳಗೆ ಪಾಚಿಹಸಿರು ನೀರು, ಮುಂದೆ ಕಪ್ಪು ತೀರ. ಆಮೇಲೆ ದೋಣಿಗಳನ್ನು ಮರಳಿಗೆ ಎಳೆದಿಟ್ಟ ಮೀನುಹಳ್ಳಿ. ಕೊನೆಗೆ ಮತ್ತೆ ದೊಡ್ಡಲೆ. ಮುದುಕಿಯ ಅಂಗಡಿಯ ಜಾಗದಲ್ಲಿ ಬಣ್ಣ ಹಚ್ಚಿದ ಹೊಸ ಹೋಟೆಲು. ಅವಳನ್ನು ಬಲ್ಲವರು ಯಾರೂ ಇರಲಿಲ್ಲ. ಅಲ್ಲಿಗೆ ಹೋದರೆ ನೀರಿಗೆ ಬೆನ್ನು ಮಾಡಿ ಫೋಟೋಗೆ ನಿಲ್ಲಬೇಡಿ. ಆ ಅಲೆಗೆ ಮರ್ಯಾದೆ ಗೊತ್ತಿಲ್ಲ. ನಾವು ದೂರದ ಕಲ್ಲಿನ ಮೇಲೆ ಚೀಲ ಬೋರಲು ಹಾಕಿ ಹಿಂದೆ ಸರಿದೆವು. ಏಳೆಂಟು ಅಲೆ ಅಲ್ಲಿಯವರೆಗೆ ಬರಲಿಲ್ಲ. ಒಂದು ಬಂತು. ಹೋದ ಮೇಲೆ ಕಲ್ಲು ಮಾತ್ರ ಒದ್ದೆಯಾಗಿ ಹೊಳೆಯುತ್ತಿತ್ತು.

ಊರಿಗೆ ಬಂದು ಬಾಟಲಿಗಳಿಗೆ ಚೀಟಿಗಳನ್ನು ಮೈದಾ ಅಂಟಿನಲ್ಲಿ ಮತ್ತೆ ಅಂಟಿಸಿ ಕೊಟ್ಟೆವು. ಚೀಫ್ ಫೋಟೋಗಳನ್ನು ಆಮೇಲೆ ನೋಡುತ್ತೇನೆಂದು ಬದಿಗಿಟ್ಟರು. ಮೊದಲು ಐದೂ ಚೀಟಿಗಳ ಮೇಲೆ ಆ ಹೆಬ್ಬೆರಳನ್ನು ಆಡಿಸಿದರು. "ದೊಡ್ಡಲೆ ಸುರಿದಾಗ ಸದ್ದು ಹೇಗಿತ್ತು?" ಎಂದು ಕೇಳಿದರು. ಅಲೆ ಹಿಂದಕ್ಕೆ ಹೋಗುವಾಗ ಕಲ್ಲುಗಳು ಒಂದಕ್ಕೊಂದು ಉಜ್ಜಿ ಗರಗರ ಅನ್ನುತ್ತಿದ್ದವು ಎಂದೆ. "ಹೂಂ, ಅದೇ" ಎಂದು ಕುರ್ಚಿಗೆ ಒರಗಿದರು. ಅವತ್ತು ನನ್ನ ಮುಂದೆಯೇ ನಿದ್ದೆ ಹೋದರು. ಮಾತಿನ ನಡುವೆ ಅವರು ಹಾಗೆ ನಿಶ್ಚಿಂತೆಯಿಂದ ಮಲಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೋಗುವ ವಾರ ಕೂಡ, "ಈಗ ಮರಳು ವಾಪಸ್ ಬಂದಿರುತ್ತೆ ಅಲ್ವೇನಯ್ಯ?" ಎಂದು ಕೇಳಿದ್ದರು. ಬಂದಿರುತ್ತೆ ಚೀಫ್ ಎಂದಿದ್ದೆ. ಕಾರು ಮಾರುವ ಕಸುಬಿನಲ್ಲಿದ್ದೂ ಅನುಮಾನವಿಲ್ಲದೆ ಹೇಳಿದ ಮಾತು ಅದು.

ಬಾಟಲಿಗಳನ್ನು ಅವರ ಮಗಳು ತಂದುಕೊಟ್ಟರು. ಅಪ್ಪ ನಮಗೇ ಕೊಡಬೇಕೆಂದು ಹೇಳಿದ್ದರಂತೆ. ಈಗ ನಮ್ಮ ಅಡಿಗೆಮನೆಯ ಕಿಟಕಿಯಲ್ಲಿವೆ. ನನ್ನ ಹಾಗೇ ಖಾಲಿ ಬಾಟಲಿ ಕಂಡರೆ ಸುಮ್ಮನಿರಲಾರದ ಹೆಂಡತಿ ವಾರಕ್ಕೊಮ್ಮೆ ಅವುಗಳ ಧೂಳು ಒರೆಸುತ್ತಾಳೆ, ಚೀಟಿಗೆ ನೀರು ತಾಗದ ಹಾಗೆ. ಇಷ್ಟು ವರ್ಷದಲ್ಲಿ ಒಂದರೊಳಗೂ ಒಂದು ಕಾಳು ಜೀರಿಗೆ ಹಾಕಿಲ್ಲ.