ಕಿಟಕಿ ತೆರೆಯದ ರೈಲು

ಓಸಾಕಾದ ರೈಲಿನಲ್ಲಿ ತಂಗಿಯ ಮಗಳು ಕೈತಪ್ಪಿಹೋದದ್ದು ನನ್ನಿಂದ. ತಂಗಿಯಿಂದ ಎಂದು ಎಲ್ಲರೂ ನಂಬಿದರು. ತಂಗಿಯೂ ನಂಬಿದಳು. ನಿಜ ಏನೆಂದು ಹೇಳಬಹುದಾಗಿದ್ದವಳು ನಾನೊಬ್ಬಳೇ. ಏಳು ವರ್ಷ ಹೇಳಲಿಲ್ಲ.

ಗಂಡ ತೀರಿದ ಮೇಲೆ ನಾನು ಕಿರಿಮಂಜೇಶ್ವರದ ತಾಯಿ ಮನೆಯಲ್ಲೇ ಇದ್ದೆ. ಬೆಳಿಗ್ಗೆ ದಡದಲ್ಲಿ ದೋಣಿಯವರಿಂದ ಮೀನು ಕೊಂಡು, ಬುಟ್ಟಿ ಸಮೇತ ಬಸ್ಸು ಹತ್ತಿ ವಂಡ್ಸೆ ಕಡೆಗೆ ಹೋಗಿ ಮನೆಮನೆಗೆ ಮಾರುತ್ತಿದ್ದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ತಂಗಿಯ ಗಂಡ ಮುಂಬೈಯ ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಅಲ್ಲಿಂದ ಓಸಾಕಾದ ಒಂದು ಇಂಡಿಯನ್ ಹೋಟೆಲಿಗೆ ಸೇರಿದ. ಆಮೇಲೆ ತಂಗಿಯನ್ನೂ ಅವಳಿ ಮಕ್ಕಳನ್ನೂ ಕರೆಸಿಕೊಂಡ. ಒಂದು ಗಂಡು, ಒಂದು ಹೆಣ್ಣು. ಮಕ್ಕಳಿಗೆ ಎರಡು ತುಂಬುವಾಗ, ಒಬ್ಬಳೇ ಸೋತುಹೋಗುತ್ತಾಳೆ ಎಂದು ಮೂರು ತಿಂಗಳ ಮಟ್ಟಿಗೆ ನನ್ನನ್ನೂ ಕರೆಸಿದ. ಅದು 2008.

ಹೋಗಿ ನೋಡಿದರೆ ತಂಗಿ ಸೋತಿರಲಿಲ್ಲ. ಊರಲ್ಲಿ ಬೈಂದೂರಿಗೆ ಹೋಗಬೇಕಾದರೂ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದವಳು ಅವಳು. ಅಲ್ಲಿ ಗಂಡ ಕೆಲಸಕ್ಕೆ ಹೋದ ಕೂಡಲೇ ಮಕ್ಕಳಿಬ್ಬರನ್ನೂ ತಳ್ಳುಗಾಡಿಯಲ್ಲಿ ಕೂರಿಸಿ ಹೊರಟುಬಿಡುತ್ತಿದ್ದಳು. ಅವಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ಯಾವ ರೈಲಿಗೆ ಯಾವ ಬಣ್ಣ, ಯಾವ ಸ್ಟೇಷನ್ನಿನಲ್ಲಿ ಲಿಫ್ಟ್ ಯಾವ ತುದಿಗೆ, ಎಲ್ಲಿ ಮಗುವಿನ ಚಡ್ಡಿ ಬದಲಿಸಲು ಜಾಗ ಇದೆ, ಎಲ್ಲಾ ಬರೆದಿಟ್ಟಿದ್ದಳು. ಸೂರು ಹಾಕಿದ ಉದ್ದನೆಯ ಅಂಗಡಿ ಬೀದಿಯಲ್ಲಿ ಮಳೆಗಾಲದಲ್ಲೂ ಮಕ್ಕಳನ್ನು ನಡೆಸುತ್ತಿದ್ದಳು. ದೊಡ್ಡ ಅಂಗಡಿಯ ತಾರಸಿ ಮೇಲೆ ಆಡಿಸುತ್ತಿದ್ದಳು. ಮೀನಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ, ಇಲ್ಲಿ ನೀನೇ ಗುರು ಎಂದು ನನ್ನನ್ನು ಮುಂದೆ ಬಿಟ್ಟಳು. ತಾಜಾ ಹೌದೋ ಎಂದು ಬಂಗುಡೆಯ ಕಿವಿರು ಬಿಡಿಸಿ ನೋಡಲು ಕೈ ಹಾಕಿದೆ, ಅಂಗಡಿಯವನು ಹೌಹಾರಿದ.

ಒಮ್ಮೆ ದಾರಿ ತಪ್ಪಿತು. ನಾನು ದೂರದ ಪೊಲೀಸಿನವನಿಗೆ, ಮೀನು ಮಾರುವಾಗ ಗಿರಾಕಿಯನ್ನು ಕರೆಯುವ ಹಾಗೆ, ಹ್ವಾಯ್ ಎಂದು ಕೂಗಿದೆ. ತಂಗಿ ನಕ್ಕು ನಕ್ಕು ಗಾಡಿಗೆ ಒರಗಿದಳು. "ಅಕ್ಕ, ಅವ ಮೀನ್ ತಕಂಬುಕ್ ಬಂದವ ಅಲ್ಲ. ಮೆಲ್ಲ ಮಾತಾಡ್," ಎಂದಳು. ಅವಳು ಹಾಗೆ ನಕ್ಕದ್ದನ್ನು ನಾನು ಊರಲ್ಲಿ ಕಂಡಿರಲಿಲ್ಲ.

ನಾನು ವಾಪಸು ಬರಲು ಹದಿನೈದು ದಿನ ಇತ್ತು. ಆ ದಿನ ಸಮುದ್ರದ ಬದಿಯ ಪಾರ್ಕಿಗೆ ಹೋಗಿ ಬರುವಾಗ ಸಂಜೆಯಾಯಿತು. ರೈಲು ತುಂಬಿತ್ತು. ತಂಗಿ ಮಗನನ್ನು ಎತ್ತಿಕೊಂಡು, ಮಡಚಿದ ಗಾಡಿಯನ್ನು ಹಿಡಿದು ಬಾಗಿಲ ಬಳಿಯೇ ನಿಂತಳು. ಮಗಳು ನನ್ನ ಸೊಂಟದ ಮೇಲಿದ್ದಳು. ಹಿಂದಿನವರು ದೂಡಿ ದೂಡಿ ನಾನು ಒಳಗೆ ಹೋಗಿಬಿಟ್ಟೆ. ಕೈ ಮರಗಟ್ಟಿತು. ಎದುರಿನ ಸೀಟಿನಲ್ಲಿ ನನ್ನ ಪ್ರಾಯದ ಒಬ್ಬ ಹೆಂಗಸು ಕೂತಿದ್ದಳು. ಮಗುವನ್ನು ನೋಡಿ ಸಣ್ಣಗೆ ನಕ್ಕಳು. ನಾನು ಮಗುವನ್ನು ಅವಳ ಮಡಿಲಿನಲ್ಲಿ ಕೂರಿಸಿದೆ.

ನಮ್ಮ ಬಸ್ಸಿನಲ್ಲಿ ಅದು ಕೇಳಿ ಮಾಡುವ ಕೆಲಸವೇ ಅಲ್ಲ. ನಿಂತವಳ ಮಗು ಕೂತವಳ ಮಡಿಲಿಗೆ. ಇಳಿಯುವಾಗ ರಶ್ ಇದ್ದರೆ ತಾಯಿ ಮೊದಲು ಇಳಿಯುತ್ತಾಳೆ, ಕೂತವಳು ಮಗುವನ್ನು ಕಿಟಕಿಯಿಂದ ಹೊರಗೆ ಕೊಡುತ್ತಾಳೆ. ಎಷ್ಟು ಮಕ್ಕಳನ್ನು ನಾನೇ ಹಾಗೆ ಕೊಟ್ಟಿದ್ದೇನೆ. ಆ ಹೆಂಗಸು ಒಂದು ಗಳಿಗೆ ಕಕ್ಕಾಬಿಕ್ಕಿಯಾದಳು. ಆಮೇಲೆ ಎರಡೂ ಕೈಯಿಂದ ಮಗುವನ್ನು ಹಿಡಿದುಕೊಂಡಳು.

ಸ್ಟೇಷನ್ ಬಂತು. ತಂಗಿ ಬಾಗಿಲಿನಿಂದ ಅಕ್ಕಾ ಎಂದು ಕರೆದಳು. ಸೀಟಿನ ಕಡೆ ತಿರುಗಿದರೆ ಮಧ್ಯೆ ಜನ ತುಂಬಿದ್ದರು. ನಾನು ಇಳಿದೆ. ಇಳಿದು ಕಿಟಕಿಯ ಹತ್ತಿರ ಓಡಿ ಎರಡೂ ಕೈ ಮೇಲೆತ್ತಿದೆ. ಅದು ಒಂದೇ ಹಾಳೆ ಗಾಜು. ತೆರೆಯುವ ಕಿಟಕಿಯಲ್ಲ. ಒಳಗೆ ಆ ಹೆಂಗಸು ಮಗುವನ್ನು ಎತ್ತಿಕೊಂಡು ಎದ್ದು ನಿಂತಳು. ಅಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು.

ತಂಗಿ ಗಾಡಿ ಬಿಡಿಸಿ ಮಗನನ್ನು ಕೂರಿಸಿ ತಲೆ ಎತ್ತುವಾಗ ರೈಲು ಹೊರಟಿತ್ತು.

"ಹೆಣ್ಣ್ ಎಲ್ಲಿ ಅಕ್ಕ?"

"ನಿನ್ ಕೈಯಗ್ ಕೊಟ್ಟನಲ್ದಾ?"

ಹೆದರಿಕೆಗೆ ಬಾಯಿ ತಾನಾಗಿ ಆಡಿತು. ತಂಗಿ ತನ್ನ ಕೈಗಳನ್ನು ನೋಡಿಕೊಂಡಳು. ಅಕ್ಕ ಸುಳ್ಳು ಹೇಳುವವಳಲ್ಲ, ಇಳಿಯುವ ನೂಕಾಟದಲ್ಲಿ ತನ್ನ ಕೈಯೇ ಬಿಟ್ಟಿತು ಎಂದುಕೊಂಡಳು. ಸ್ಟೇಷನ್ನಿನವರ ಹತ್ತಿರ ಓಡಿದಳು.

ಮಗು ಮುಂದಿನ ಸ್ಟೇಷನ್ನಿನ ಆಫೀಸಿನಲ್ಲಿ ಸಿಕ್ಕಿತು. ನಾವು ಮುಟ್ಟುವಾಗ ಬಿಸ್ಕತ್ತು ತಿನ್ನುತ್ತಿತ್ತು. ಆ ಹೆಂಗಸು ಮನೆಗೆ ಹೋಗದೆ ಪಕ್ಕದಲ್ಲೇ ಕೂತಿದ್ದಳು. ನಮ್ಮನ್ನು ಕಂಡೊಡನೆ ಎದ್ದು ಸೊಂಟ ಬಗ್ಗಿಸಿ ಏನೇನೋ ಹೇಳಿದಳು. ನನ್ನ ಕಡೆ ಕೈ ತೋರಿಸುತ್ತಾಳೋ ಎಂದು ನನ್ನ ಜೀವ ಹಾರುತ್ತಿತ್ತು. ತೋರಿಸಲಿಲ್ಲ. ತಂಗಿಗೆ ಅವಳ ಮಾತು ಅರ್ಧ ಅರ್ಥವಾಯಿತು. ತಾನು ಬೇಗ ಇಳಿಯಬೇಕಿತ್ತು, ತಪ್ಪಾಯಿತು ಎನ್ನುತ್ತಿದ್ದಾಳೆ ಎಂದು ನನಗೆ ಹೇಳಿದಳು.

ತಂಗಿಯ ಗಂಡ ಹೋಟೆಲಿನ ಏಪ್ರನ್ನಿನಲ್ಲೇ ಓಡಿ ಬಂದ. ಮಗು ಯಾರ ಕೈಯಲ್ಲಿತ್ತು ಎಂದು ಕೇಳಿದ. "ನನ್ ಕೈಯಗ್," ಎಂದಳು ತಂಗಿ. ನನ್ನನ್ನು ಉಳಿಸಲು ಹೇಳಿದ್ದಲ್ಲ, ಹಾಗೆಂದೇ ಅವಳು ನಂಬಿದ್ದಳು. ಅವನು ಕೆಟ್ಟವನಲ್ಲ, ಕೈ ಎತ್ತಿದವನಲ್ಲ. ತಾನಿಲ್ಲದೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಕೂಡದು ಎಂದಷ್ಟೇ ಹೇಳಿದ. ಅವನಿಗೆ ರಜೆ ಇದ್ದದ್ದು ವಾರಕ್ಕೆ ಒಂದು ದಿನ, ಆ ದಿನ ಅವನು ಮಲಗುತ್ತಿದ್ದ.

ಉಳಿದ ಹದಿನೈದು ದಿನವೂ ನಾವು ಆ ಒಂದು ಕೋಣೆಯ ಮನೆಯಲ್ಲೇ ಇದ್ದೆವು. ಮಕ್ಕಳು ಚಪ್ಪಲಿ ಹಿಡಿದು ಬಾಗಿಲು ಬಡಿಯುತ್ತಿದ್ದವು. ಕೆಳಗಿನ ಮನೆಯವರು ಸದ್ದಾಗುತ್ತದೆ ಎಂದು ಚೀಟಿ ಅಂಟಿಸಿದರು. ತಂಗಿ ಮಕ್ಕಳ ಕಾಲಿಗೆ ದಪ್ಪ ಕಾಲುಚೀಲ ಹಾಕಿದಳು. ಹೇಳಲು ನನಗೆ ದಿನಕ್ಕೆ ಹತ್ತು ಸಲ ಅವಕಾಶವಿತ್ತು. ಹೇಳದೆ ವಿಮಾನ ಹತ್ತಿದೆ.

ಮರುವರ್ಷ ತಂಗಿಯ ಗಂಡ ಅವಳನ್ನೂ ಮಕ್ಕಳನ್ನೂ ಊರಿಗೆ ಕಳಿಸಿದ. ತಂಗಿ ಮೊದಲಿಗಿಂತಲೂ ಅಂಜುಬುರುಕಿಯಾಗಿ ಬಂದಳು. ರಸ್ತೆ ದಾಟುವಾಗ ಮಕ್ಕಳ ಮಣಿಕಟ್ಟನ್ನು ಬೆರಳಿನ ಗುರುತು ಮೂಡುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಕುಂದಾಪುರದಲ್ಲಿ ಡಾಕ್ಟರಿಗೆ ತೋರಿಸಬೇಕಾದರೆ ನನ್ನನ್ನೇ ಕರೆಯುತ್ತಿದ್ದಳು. ಬಸ್ಸಿನಲ್ಲಿ ಮಗಳನ್ನು ನನ್ನ ಪಕ್ಕದಲ್ಲಿ ಕೂರಿಸಿ, ನಿನ್ನ ಹತ್ತಿರ ಇದ್ದರೆ ಧೈರ್ಯ ಎನ್ನುತ್ತಿದ್ದಳು. ನಾನು ಇಳಿಯುವವರೆಗೂ ಮಗುವಿನ ಭುಜ ಹಿಡಿದಿರುತ್ತಿದ್ದೆ.

ಮಕ್ಕಳಿಗೆ ಒಂಬತ್ತಾದಾಗ ತಂಗಿಯ ಗಂಡ ರಜೆಯಲ್ಲಿ ಬಂದ. ಈಗ ಎರಡು ಕೋಣೆಯ ಮನೆ ಸಿಕ್ಕಿದೆ, ಮೂವರೂ ಬನ್ನಿ, ಹಿಂದಿನದನ್ನು ನಾನು ಮರೆತಿದ್ದೇನೆ ಎಂದ. ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಜಗಲಿಯಲ್ಲಿದ್ದೆವು. ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು.

"ಮಕ್ಳನ್ ನೀವ್ ಕರ್ಕಂಡ್ ಹೋಯ್ನಿ," ಎಂದಳು ತಂಗಿ. "ನಾ ಬತ್ತಿಲ್ಲ. ನನ್ನ ಕೈ ಮೇಲ್ ನಂಗೇ ನಂಬಿಕೆ ಇಲ್ಲ."

ಅವನು ಮುಖ ತಿರುಗಿಸಿದ. ಒಪ್ಪಿದ ಹಾಗೆಯೇ ಇತ್ತು. ತನ್ನ ಮಕ್ಕಳಿಲ್ಲದೆ ಅವಳು ಈ ಮನೆಯಲ್ಲಿ ನನ್ನ ಎದುರೇ ದಿನ ಕಳೆಯುವುದು ನನಗೆ ಕಂಡಿತು. ಎದ್ದು ಅವಳ ಪಕ್ಕ ಹೋಗಿ ಕೂತೆ.

"ಭಾವ, ನೀವೂ ಕೇಣಿ," ಎಂದೆ. "ತಂಗಿ, ಆವತ್ ನಾ ಮಗೀನ ನಿನ್ ಕೈಯಗ್ ಕೊಡ್ಲೇ ಇಲ್ಲ. ಸೀಟಿನಗ್ ಕೂಕಂಡಿದ್ ಹೆಂಗ್ಸಿನ್ ಮಡ್ಲಗ್ ಕೂರ್ಸಿ, ಬಿಟ್ ಇಳ್ದದ್ ನಾನ್. ಕಿಟ್ಕಿಯಗ್ ಇಸ್ಕಂಬ ಅಂದ್ಕಂಡ್ ಇಳ್ದೆ. ನಿನ್ ಕೈಯಗ್ ಎಂತ ತಪ್ಪೂ ಇರ್ಲಿಲ್ಲ. ನಾ ಸುಳ್ಳ್ ಹೇಳ್ದೆ, ನೀ ನಂಬ್ದೆ. ತಪ್ಪಾಯ್ತ್ ತಂಗಿ. ನಂದ್ ತಪ್ಪಾಯ್ತ್."