ನಾನೇ ಕೊಟ್ಟ ಸೊನ್ನೆ

ನಿವೃತ್ತಿಯಾದ ಮರುವರ್ಷ ನನಗೆ ಎದೆ ಬಿಗಿಯುವ ಕಾಯಿಲೆ ಶುರುವಾಯಿತು. ಬೆಳಗಿನ ಕಾಫಿ ಕುಡಿಯುವ ಹೊತ್ತಿಗೆ ಯಾರೋ ಪಕ್ಕೆಲುಬಿನ ಮೇಲೆ ಕೂತಂತಾಗುತ್ತಿತ್ತು. ತುಮಕೂರಿನ ಡಾಕ್ಟರು ಇಸಿಜಿ, ಎಕೋ ಎಲ್ಲ ಮಾಡಿಸಿ, "ಹಾರ್ಟಲ್ಲಿ ಏನೂ ಇಲ್ಲ ಮೇಷ್ಟ್ರೇ. ಮನಸ್ಸಲ್ಲಿ ಏನಾದ್ರೂ ಇಟ್ಕೊಂಡಿದ್ರೆ ಮಾತಾಡಿ ಬಿಡಿ" ಎಂದು ಕೌನ್ಸೆಲರ್ ಒಬ್ಬರ ನಂಬರು ಬರೆದುಕೊಟ್ಟರು. ಮೂವತ್ತು ವರ್ಷಕ್ಕೂ ಮೇಲೆ ಕುಣಿಗಲ್ಲಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು. ನನ್ನ ತಲೆಯನ್ನು ಇನ್ನೊಬ್ಬರ ಕೈಗೆ ಕೊಡುವುದೇ? ಚೀಟಿಯನ್ನು ಹರಿದುಹಾಕಿ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ನೋವಾದದ್ದನ್ನೆಲ್ಲ ಬರೆದರೆ ಮನಸ್ಸು ತಾನೇ ವಾಸಿಯಾಗುತ್ತದೆ ಎಂದು ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದರು.

ದಿನಾ ಬೆಳಗ್ಗೆ ಅಮಾನಿಕೆರೆ ಪಾರ್ಕಿನ ಬೆಂಚಿನ ಮೇಲೆ ಹತ್ತು ನಿಮಿಷ ಕಣ್ಣುಮುಚ್ಚಿ ಉಸಿರು ಗಮನಿಸುತ್ತಿದ್ದೆ, ಆಮೇಲೆ ಬರೆಯುತ್ತಿದ್ದೆ. ಮೊದಲೆರಡು ತಿಂಗಳು ಬರೆದದ್ದೆಲ್ಲ ಬೇರೆಯವರ ತಪ್ಪು. ಹೆಡ್‌ಮಾಸ್ಟರ ಪಕ್ಷಪಾತ, ತಮ್ಮಂದಿರ ಕೃತಘ್ನತೆ, ಹೆಂಡತಿಯ ಮೌನ. ಬರೆದಷ್ಟೂ ಹೊತ್ತು ಹಿತವಾಗಿರುತ್ತಿತ್ತು. ಮನೆಗೆ ಬಂದರೆ ಎದೆ ಮತ್ತೆ ಬಿಗಿಯುತ್ತಿತ್ತು. ಕೊನೆಗೆ ನಾನೇ ಒಂದು ನಿಯಮ ಮಾಡಿಕೊಂಡೆ: ಲೆಕ್ಕದಲ್ಲಿ ಹಂತ ಬಿಟ್ಟ ಮಕ್ಕಳಿಗೆ ಅಂಕ ಕಳೆಯುತ್ತಿದ್ದೆನಲ್ಲ, ಹಾಗೇ ಇಲ್ಲೂ ಯಾವ ಹಂತವನ್ನೂ ಬಿಡಬಾರದು. ನನ್ನನ್ನು ಬಚಾವು ಮಾಡುವ ಮಾತು ಬಂದರೆ ಹೊಡೆದುಹಾಕಬೇಕು.

ಹೀಗೆ ಬರೆಯುತ್ತ ಬರೆಯುತ್ತ ಒಂದು ದಿನ ಮಗಳ ವಿಷಯಕ್ಕೆ ಬಂದೆ.

ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಳು, ನಮ್ಮ ಶಾಲೆಯಲ್ಲೇ, ನನ್ನ ತರಗತಿಯಲ್ಲೇ. ಶಾಲೆಯೊಳಗೆ ನನ್ನನ್ನು ಸಾರ್ ಎಂದೇ ಕರೆಯಬೇಕೆಂದು ಕಟ್ಟಪ್ಪಣೆ ಮಾಡಿದ್ದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ನೂರಕ್ಕೆ ನೂರು ಬಂತು. ಸ್ಟಾಫ್ ರೂಮಿನಲ್ಲಿ ಸೈನ್ಸ್ ಮೇಷ್ಟ್ರು ಕಡಲೆಕಾಯಿ ಸುಲಿಯುತ್ತ, "ಕ್ವಶ್ಚನ್ ಪೇಪರ್ ಮನೇಲೇ ರೆಡಿ ಆಗೋದಲ್ವಾ ಸಾರ್, ನೂರು ಬರ್ದೆ ಇನ್ನೇನ್ ಬರ್ತದೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರನೆಯ ದಿನ ಇಡೀ ಕ್ಲಾಸಿನೆದುರು ಅವಳನ್ನು ನಿಲ್ಲಿಸಿದೆ. "ಎಲ್ಲಿ ನೋಡ್ಕೊಂಡೆ ಪೇಪರ್‌ನ?"

"ನೋಡಿಲ್ಲ ಸಾರ್."

"ನನ್ ಮಗಳು ಅಂತ ಬಿಡೋನಲ್ಲ ನಾನು." ಅವಳ ಉತ್ತರಪತ್ರಿಕೆಯ ಮೇಲೆ ಕೆಂಪು ಇಂಕಿನಲ್ಲಿ ಗೀಟು ಎಳೆದು ಸೊನ್ನೆ ಬರೆದೆ. ಅವಳು ಅಳಲಿಲ್ಲ. ಪತ್ರಿಕೆಯನ್ನು ಎರಡು ಮಡಿಕೆ ಮಾಡಿ ಬೆಂಚಿಗೆ ಹೋಗಿ ಕೂತಳು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನನ್ನ ನಿಷ್ಠೆಯ ಮಾತೇ ಮಾತು. ಎಸ್ಸೆಸ್ಸೆಲ್ಸಿ ಆದಮೇಲೆ ಅವಳು ಆರ್ಟ್ಸ್ ತಗೊಂಡಳು. ಅವಳಿಗೆ ಲೆಕ್ಕ ಹತ್ತಲಿಲ್ಲ ಎಂದು ನೆಂಟರಿಗೆಲ್ಲ ನಾನೇ ಹೇಳಿದೆ.

ಪಾರ್ಕಿನಲ್ಲಿ ಇದನ್ನು ಬರೆದು, 'ಅವಳ ಮೇಲೆ ನನಗೆ ಅನುಮಾನ ಬಂತು' ಎಂದು ಸೇರಿಸಿದೆ. ಇಷ್ಟು ವರ್ಷ ಎಲ್ಲರಿಗೂ, ಹೆಂಡತಿಗೂ, ಹೇಳಿಕೊಂಡು ಬಂದಿದ್ದ ಮಾತೇ ಅದು. ಪೆನ್ನು ಅಲ್ಲೇ ನಿಂತಿತು. ಪ್ರಶ್ನೆಪತ್ರಿಕೆ ಇದ್ದದ್ದು ಬೀರುವಿನಲ್ಲಿ. ಬೀಗದ ಕೈ ಇದ್ದದ್ದು ನನ್ನ ಉಡಿದಾರದಲ್ಲಿ; ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಅನುಮಾನ ಬರುವುದಕ್ಕೆ ಜಾಗವೇ ಇರಲಿಲ್ಲ. ಆ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದೆ: 'ಅವಳು ನೋಡಿಲ್ಲವೆಂದು ನನಗೆ ಗೊತ್ತಿತ್ತು. ನಾಲ್ಕು ಜನ ನಕ್ಕದ್ದನ್ನು ತಡೆಯಲಾರದೆ ಸೊನ್ನೆ ಹಾಕಿದೆ.'

ಬೆಂಚಿನ ಮೇಲೆ ಕೂತೇ ಅತ್ತೆ. ವಾಕಿಂಗಿಗೆ ಬಂದವರು ನೋಡಿಕೊಂಡು ಮುಂದೆ ಹೋದರು. ಆ ಬೆಳಗ್ಗೆ ಎದೆ ಬಿಗಿಯಲಿಲ್ಲ.

ಮಗಳು ಈಗ ಗುಬ್ಬಿಯಲ್ಲಿದ್ದಾಳೆ, ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಟೀಚರು. ಅವಳಿಗೆ ಹೇಳಿಬಿಟ್ಟರೆ ಪೂರ್ತಿ ವಾಸಿಯಾಗುತ್ತೇನೆ ಅನ್ನಿಸಿತು. ಹೆಂಡತಿ ಚಪಾತಿ ಹಿಟ್ಟು ಕಲಸುತ್ತ ಎಲ್ಲ ಕೇಳಿಸಿಕೊಂಡಳು. "ಹೋಗ್ಬೇಡಿ. ಅವಳು ಹೆಂಗೋ ಸರಿ ಮಾಡ್ಕೊಂಡವ್ಳೆ. ನಿಮ್ ಪುಸ್ತಕ ನಿಮ್ಮತ್ರಾನೇ ಇರ್ಲಿ ಬುಡಿ" ಎಂದಳು. ನಾನು ಕೇಳಲಿಲ್ಲ. ಭಾನುವಾರ ಗುಬ್ಬಿ ಬಸ್ಸು ಹತ್ತಿದೆ.

ಮಗಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಳಿಯ ಮನೆಯಲ್ಲಿರಲಿಲ್ಲ. ನಿಂತುಕೊಂಡೇ ಹೇಳಿದೆ, ಒಂದು ಹಂತವನ್ನೂ ಬಿಡದೆ. ಅವಳು ಒದ್ದೆ ಸೀರೆಯನ್ನು ಹಿಂಡುತ್ತಲೇ ಇದ್ದಳು, ನೀರು ಬರುವುದು ನಿಂತಮೇಲೂ.

"ಗೊತ್ತಿತ್ತಾ ನಿಮ್ಗೆ?" ಎಂದಳು.

"ಗೊತ್ತಿತ್ತು ಕಣವ್ವ."

"ಅಪ್ಪ ಏನೋ ತಪ್ಪು ತಿಳ್ಕೊಂಡ್ರು, ನಿಜವಾಗ್ಲೂ ಕದ್ದೆ ಅಂದ್ಕೊಂಡ್ರು, ಪಾಪ ಅವ್ರು ಅಷ್ಟು ನಿಯತ್ತಿನ ಮನುಷ್ಯ ಅಂತ ಇಷ್ಟ್ ವರ್ಷ ಅಂದ್ಕೊಂಡು ಬಂದಿದೀನಿ. ಅದೊಂದು ಇತ್ತು ನಂಗೆ. ಅದನ್ನೂ ಕಿತ್ಕೊಳ್ಳೋಕೆ ಬಸ್ಸತ್ತಿ ಬಂದ್ರಾ?"

"ಕ್ಷಮಿಸು ಅಂತ ಕೇಳೋಕೆ ಬಂದೆ."

"ಇಲ್ಲ, ನಿಮ್ಗೆ ಎದೆ ಹಗುರ ಆಗ್ಬೇಕಿತ್ತು, ಬಂದ್ರಿ. ಆಯ್ತಲ್ಲ? ಕೈ ತೊಳ್ಕೊಳಿ, ಊಟಕ್ಕಿಡ್ತೀನಿ."

ಅನ್ನ, ಹುರುಳಿಕಾಳಿನ ಸಾರು. ಎರಡು ಸಲ ಬಡಿಸಿದಳು. ಮುಖ ನೋಡಲಿಲ್ಲ.

ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿಯೆಂದರೆ, ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಗಾಢ ನಿದ್ದೆ ಬಂತು. ತುಮಕೂರಿನಲ್ಲಿ ಕಂಡಕ್ಟರು ಭುಜ ಅಲುಗಿಸಿ ಎಬ್ಬಿಸಬೇಕಾಯಿತು. ಅಂದಿನಿಂದ ಎದೆ ಬಿಗಿದಿಲ್ಲ. ಮುಂದಿನ ತಪಾಸಣೆಯಲ್ಲಿ ಡಾಕ್ಟರು, "ಏನ್ ಮಾಡಿದ್ರಿ ಮೇಷ್ಟ್ರೇ, ಬಿಪಿ ನಾರ್ಮಲ್ಲು!" ಎಂದು ಬೆನ್ನು ತಟ್ಟಿದರು. ನಾನು ವಾಸಿಯಾದೆ. ಅದು ಯಾರ ಪಾಲಿನದನ್ನು ತೆಗೆದುಕೊಂಡು ಆದ ವಾಸಿ ಎಂದು ಅವರಿಗೆ ಹೇಳಲಿಲ್ಲ.

ಗುಬ್ಬಿಯಲ್ಲಿ ಮಗಳಿಗೆ ಮೈಗ್ರೇನ್ ಶುರುವಾಗಿದೆಯೆಂದು ಹೆಂಡತಿಯಿಂದ ತಿಳಿಯಿತು. ಬೇರೇನೋ ಕಾರಣವಿರಬಹುದು. ಹಾಗೆಂದು ಬರೆದು, ಅದನ್ನೂ ಹೊಡೆದುಹಾಕಿದೆ.

ತಿಂಗಳಿಗೊಮ್ಮೆ ಗುಬ್ಬಿಗೆ ಹೋಗುತ್ತೇನೆ. ಮಗಳು ಬರಬೇಡಿ ಎಂದಿಲ್ಲ. ಮಳೆ, ತೆಂಗಿನ ನುಸಿ, ನನ್ನ ಮಾತ್ರೆ ಇಷ್ಟರ ಬಗ್ಗೆ ಮಾತಾಡುತ್ತೇವೆ. ಮೊಮ್ಮಗಳು ಎಂಟನೇ ಕ್ಲಾಸು, ಗಣಿತದಲ್ಲಿ ಹಿಂದೆ; ಮೂರು ಬೀದಿಯಾಚೆ ಟ್ಯೂಷನ್ನಿಗೆ ಹೋಗುತ್ತಾಳೆ. ಹೋದ ಸಲ ಅವಳು ಬೀಜಗಣಿತದ ಲೆಕ್ಕವೊಂದನ್ನು ಹಿಡಿದುಕೊಂಡು, "ತಾತ, ಇದು ಹೆಂಗ್ ಮಾಡದು?" ಎಂದು ನನ್ನ ಪಕ್ಕ ಬಂದು ಕೂತಳು. ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಮಗಳ ದನಿ ಬಂತು.

"ತಾತನ್ನ ಕೇಳ್ಬೇಡ. ಒಳಗ್ ಬಂದು ಮಾಡ್ಕೋ."

ಹುಡುಗಿ ಪುಸ್ತಕ ತೆಗೆದುಕೊಂಡು ಎದ್ದುಹೋದಳು. ನಾನು ಕನ್ನಡಕವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಐದೂವರೆ ಬಸ್ಸಿಗೆ ಹೊರಟೆ.