ಶಿವಕಾಂತಾಬಾಯಿಯ ಬೂತ್ ಮತ್ತು ಬಾಯಿ

ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಗಡಿಯಾರ ರಿಪೇರಿ ಅಂಗಡಿ. ಈ ಕೆಲಸಕ್ಕೆ ಬೇಕಾದದ್ದು ಎರಡೇ: ಒಳ್ಳೆ ಬೆಳಕು, ಸದ್ದಿಲ್ಲದ ಜಾಗ. ಬೆಳಕಿಗೆ ನಮ್ಮ ಕಡೆ ಎಂದೂ ಬರ ಬಂದಿಲ್ಲ. ಎರಡನೆಯದನ್ನು ಮಾತ್ರ ತೊಂಬತ್ಮೂರನೇ ಇಸವಿಯಲ್ಲಿ ಶಿವಕಾಂತಾಬಾಯಿ ನನ್ನಿಂದ ಕಸಿದುಕೊಂಡರು. ಆ ವರ್ಷ ನನ್ನ ಅಂಗಡಿಯ ಗೋಡೆಗೆ ಅಂಟಿಕೊಂಡೇ ಅವರ ಎಸ್.ಟಿ.ಡಿ. ಬೂತ್ ಶುರುವಾಯಿತು.

ಹಳದಿ ಬೋರ್ಡು, ಕೆಂಪು ಅಂಕಿ ಓಡುವ ಮೀಟರು, ಪ್ಲೈವುಡ್ಡಿನ ಒಂದು ಗೂಡು, ಅದಕ್ಕೊಂದು ಗಾಜಿನ ಬಾಗಿಲು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರೆ ನಿಮ್ಮ ಮಾತು ನಿಮಗೇ ಎಂದು ಟೆಲಿಫೋನ್ ಇಲಾಖೆಯವರ ಲೆಕ್ಕ. ಆ ಲೆಕ್ಕ ಹಾಕಿದವರು ನಮ್ಮೂರಿನ ಬೇಸಿಗೆ ಕಂಡಿರಲಿಲ್ಲ. ತಗಡಿನ ಕೆಳಗಿನ ಆ ಗೂಡಿನಲ್ಲಿ ಬಾಗಿಲು ಮುಚ್ಚಿ ನಿಂತವನು ಎರಡು ನಿಮಿಷದಲ್ಲಿ ಕಡಬಿನಂತೆ ಬೇಯುತ್ತಿದ್ದ. ಹಾಗಾಗಿ ಎಲ್ಲರೂ ಬಾಗಿಲಿಗೆ ಒಂದು ಕಾಲು ಅಡ್ಡ ಇಟ್ಟು, ಅರ್ಧ ತೆರೆದುಕೊಂಡೇ ಮಾತಾಡುವುದು ರೂಢಿಯಾಯಿತು.

ಮಾತಾಡುವುದು ಎಂದೆ, ಅದು ತಪ್ಪು. ಕೂಗುವುದು. ಊರು ಎಷ್ಟು ದೂರವೋ ಅಷ್ಟು ಜೋರಾಗಿ ಕೂಗಬೇಕು ಎಂದು ನಮ್ಮ ಜನ ತಾವೇ ನಿರ್ಧರಿಸಿಕೊಂಡಿದ್ದರು. ಸೊಲ್ಲಾಪುರಕ್ಕೆ ಸಾಧಾರಣ ದನಿ, ಪುಣೆಗೆ ಕೊರಳ ನರ ಉಬ್ಬಬೇಕು, ಮುಂಬಯಿಗಾದರೆ ತಲೆಯ ಟೋಪಿ ತೆಗೆದು ಪಕ್ಕಕ್ಕಿಡುತ್ತಿದ್ದರು. ಬೂತಿನ ಎದುರಿಗೇ ಉಸ್ಮಾನಸಾಬನ ಚಹಾದ ಹೋಟೆಲು, ಹೋಟೆಲಿನ ಮುಂದೆ ಉದ್ದನೆಯ ಬೆಂಚು. ಮೊದಲು ಆ ಬೆಂಚಿನ ಮೇಲೆ ಬಸ್ಸು ಕಾಯುವವರು ಕೂಡುತ್ತಿದ್ದರು. ಬೂತ್ ಬಂದ ಮೇಲೆ ಬಸ್ಸು ಬಂದು ಹೋದರೂ ಏಳುತ್ತಿರಲಿಲ್ಲ. ಅರ್ಧ ಕಪ್ಪು ಚಹಾಕ್ಕೆ ಇಡೀ ತಾಲೂಕಿನ ಮನೆಮಾತು ಸಿಗುವಾಗ ಯಾರು ಏಳುತ್ತಾರೆ? ಯಾರ ಸೊಸೆ ಮುನಿಸಿಕೊಂಡಳು, ಯಾರ ಮಗ ಫೇಲಾದ, ಎಲ್ಲ ಅಲ್ಲೇ ತಿಳಿಯುತ್ತಿತ್ತು.

ಇಷ್ಟು ಸಾಲದೆಂಬಂತೆ ಶಿವಕಾಂತಾಬಾಯಿಯ ಬಾಯಿ. ಅವರ ಗಂಡ ಕಲ್ಯಾಣಪ್ಪ ಮಾಸ್ತರು ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಈಕೆ ಮಾತ್ರ ಇದ್ದಕ್ಕಿದ್ದಂತೆ ಕುರ್ಚಿಯಿಂದ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಓಣಿಗೆ ಇಳಿದು ಯಾರ ಮೇಲಾದರೂ ಬೀಳುತ್ತಿದ್ದರು. ಒಂದು ದಿನ ನನ್ನ ಮೇಲೆ ಬಿದ್ದರು.

"ಏನ್ರಿ ಶಾಂತಲಿಂಗಪ್ಪ, ನಿಮ್ಮ ಬೋರ್ಡು ನಮ್ಮ ಜಾಗಾದಾಗ ಯಾಕ ಬಂದದ?"

"ಅಕ್ಕಾರ, ಅದು ನಿಮ್ಮ ಬೂತ್ ಹುಟ್ಟೋಕಿಂತ ಮೊದಲಿಂದೂ ಅಲ್ಲೇ ಅದರಿ."

"ಅಂದ್ರ ನಾ ಸುಳ್ಳ ಹೇಳಾಕತ್ತೇನಿ? ಕೇಳ್ರೆಪಾ ಮಂದಿ, ನನಗ ಸುಳ್ಳಬುರಕಿ ಅಂತಾನಿಂವ!"

ಮಂದಿ ಬೆಂಚು ಬಿಟ್ಟು ಓಡಿ ಬಂದರು. ನನಗೂ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದು ನಾನೂ ಅಂದೆ. ಜಗಳ ಒಳ್ಳೆ ರಂಗೇರಿದಾಗ ಆಕೆ ತಟ್ಟನೆ ನಿಲ್ಲಿಸಿ, ಸೆರಗು ಬಿಚ್ಚಿ ತಲೆ ಮೇಲೆ ಹೊದ್ದು, "ಇರ್ಲಿ ಬಿಡ್ರಿ" ಎಂದು ಹೋಗಿ ಕುಳಿತರು. ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ನನಗೆ ಚಹಾ ಬಂತು. ಸಿಟ್ಟಿಗೆ ನಾನದನ್ನು ಕುಡಿಯಲಿಲ್ಲ. ಆ ಕಪ್ಪು ಎತ್ತಿ ಕುಡಿದವನು ಉಸ್ಮಾನಸಾಬ. ಕುಡಿದು, ಮೀಸೆ ಒರೆಸಿಕೊಂಡು ಕೇಳಿದ, "ಶಾಂತಲಿಂಗಪ್ಪಾ, ನೀ ಬಡಕೊಳ್ಳುವಾಗ ಗೂಡಿನಾಗ ಯಾರಿದ್ರು ನೋಡಿದೇನು?"

ನೋಡಿರಲಿಲ್ಲ. ಒಳಗಿದ್ದವರು ದೌಲತರಾಯರಂತೆ. ಊರಿನ ಅರ್ಧ ಹೊಲ ಅವರದು, ಇನ್ನರ್ಧದ ಮೇಲೆ ಕಣ್ಣೂ ಅವರದೇ. ಸೊಲ್ಲಾಪುರದ ಡಾಕ್ಟರೊಬ್ಬರಿಗೆ ಫೋನು ಹಚ್ಚಿದ್ದರು. ಯಾವ ಕಾಯಿಲೆ ಎಂದು ನಾನು ಈಗಲೂ ಹೇಳುವುದಿಲ್ಲ. ರಾಯರು ಆ ವಾರವಿಡೀ ಯಾರ ಮನೆಗೆ ಹೋದರೂ "ಕೂಡ್ರಿ" ಎಂದರೆ "ಇರ್ಲಿ ಬಿಡ್ರಿ, ನಿಂತೇ ಮಾತಾಡೋಣ" ಎನ್ನುತ್ತಿದ್ದರು ಎಂದಷ್ಟೇ ಹೇಳಬಲ್ಲೆ.

ನನಗಾಗ ತಿಳಿಯಿತು. ಗೂಡಿನೊಳಗೆ ಯಾರದಾದರೂ ಮಾನದ ಮಾತು ನಡೆದಾಗಲೆಲ್ಲ ಆಕೆ ಹೊರಗೆ ಬಂದು ಜಗಳ ತೆಗೆಯುತ್ತಿದ್ದರು. ಗಾಜಿನ ಬಾಗಿಲಿನ ಕೈಲಾಗದ ಕೆಲಸವನ್ನು ಬಾಯಿಯಿಂದ ಮಾಡುತ್ತಿದ್ದರು. ಫೋನು ಮಾಡಿದವರಿಗೂ ಇದು ಗೊತ್ತಿರಲಿಲ್ಲ. ಆ ದೌಲತರಾಯರೇ ಹೊರಗೆ ಬಂದು, "ಭಾರಿ ಜಗಳಗಂಟಿ ಹೆಂಗಸು" ಎಂದು ಮುಖ ಸಿಂಡರಿಸಿ ಹೋದರು. ನನಗೆ ಆಕೆಯ ಮೇಲೆ ಅಂದು ಹುಟ್ಟಿದ ಗೌರವ ಇಂದಿಗೂ ಕಡಿಮೆಯಾಗಿಲ್ಲ. ಅಂದಿನಿಂದ ನಾನೂ ಉಸ್ಮಾನಸಾಬನೂ ಆಕೆಯ ಖಾಯಂ ಜಗಳಗಾರರಾದೆವು. ಆಕೆ ಸೆರಗು ಸಿಕ್ಕಿಸಿದರೆ ಸಾಕು, ನಾನು ಭೂತಗನ್ನಡಿ ತೆಗೆದಿಟ್ಟು ಬೈಸಿಕೊಳ್ಳಲು ತಯಾರಾಗುತ್ತಿದ್ದೆ.

ಈ ಪುಣ್ಯಕ್ಕೆ ಆಕೆ ತೆತ್ತದ್ದು ತನ್ನ ಹೆಸರನ್ನು. ಅದರ ಪೆಟ್ಟು ಬಿದ್ದದ್ದು ಮಗಳು ಜಗದೇವಿಯ ಮೇಲೆ. ಹುಡುಗಿ ತಂದೆಯ ಹಾಗೆ ಮೆತ್ತಗೆ, ನೋಡಲು ಲಕ್ಷಣ. ಆದರೆ ಬಂದ ಸಂಬಂಧಗಳು ಬಸ್ ಸ್ಟ್ಯಾಂಡಿನಲ್ಲೇ ವಿಚಾರಿಸಿಕೊಂಡು, ತಾಯಿ ಹೀಗಾದರೆ ಮಗಳು ಹೇಗೋ ಎಂದು ಅಲ್ಲಿಂದಲೇ ಹಿಂದಕ್ಕೆ ಹೋಗುತ್ತಿದ್ದವು. ಕೊನೆಗೆ ಜೇವರ್ಗಿ ಕಡೆಯ ಅಂದೋಲಾದಿಂದ ಒಂದು ಸಂಬಂಧ ಕೂಡಿಬಂತು. ಯಾವುದೋ ಮದುವೆಯಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಮೆಚ್ಚಿದ್ದರು. ಹುಡುಗನ ತಾಯಿ ಗುರುಶಾಂತಮ್ಮ ಒಪ್ಪಿದರೆ ಮುಗಿಯಿತು. ಕನ್ಯೆ ನೋಡಲು ಆ ಸೋಮವಾರ ಬರುವುದೆಂದು ಗೊತ್ತಾಯಿತು.

ನಡುವೆ ನಿಂತು ಸಂಬಂಧ ಕುದುರಿಸಿದ ಬೀರಲಿಂಗಪ್ಪ ಹಿಂದಿನ ದಿನವೇ ಬಂದು ಶಿವಕಾಂತಾಬಾಯಿಗೆ ತಾಕೀತು ಮಾಡಿದ. "ಅಕ್ಕಾ, ನಾಳಿ ಒಂದ ದಿನ ಬಾಯಿಗಿ ಕೀಲಿ ಹಾಕಬೇ. ಈ ಸಂಬಂಧ ಹೋತಂದ್ರ ಇನ್ನೊಂದು ತರೋದು ನನ್ನ ಕೈಲೆ ಆಗಂಗಿಲ್ಲ." ಆಕೆ ಮಾಸ್ತರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟರು.

ಸೋಮವಾರ ಬೂತ್ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಊಟದ ಹೊತ್ತಿಗೆ ನನ್ನ ಅಂಗಡಿಗೆ ಬಂದು ದನಿ ತಗ್ಗಿಸಿ ಹೇಳಿದರು, "ನಾಕಕ್ಕ ದಾಲ್ ಮಿಲ್ಲಿನ ಸಾಬವ್ವನ ಮಗಳು ಪುಣಾದಿಂದ ಫೋನ್ ಮಾಡ್ತಾಳ. ಆ ಗಂಡ ದನಕ್ಕ ಬಡದಂಗ ಬಡೀತಾನ, ಬಿಟ್ಟು ಬರಾಕತ್ಯಾಳ. ಯಾವ ಗಾಡಿಗೆ ಸೊಲ್ಲಾಪುರಕ್ಕ ಇಳಿತಾಳ ಅಂತ ತಾಯಿಗಿ ಹೇಳಬೇಕು. ಭೀಮಶಾನ ಕಿವಿಗಿ ಬಿದ್ರ ಅಲ್ಲೇ ಹಿಡಿದು ಹೊಳ್ಳಿ ಕಳಸ್ತಾನ. ನಾ ಇವತ್ತ ಹೊರಗ ಬರೋ ಹಂಗಿಲ್ಲ. ನೀವ ನೋಡ್ಕೋರಿ."

ಭೀಮಶಾ ಎಂದರೆ ಆ ಗಂಡನ ತಮ್ಮ. ಟೆಂಪೋ ಓಡಿಸುವವನು. ಸಂಜೆಯ ಚಹಾಕ್ಕೆ ದಿನವೂ ಅದೇ ಬೆಂಚು ಅವನದು.

ಅಂದೋಲಾದವರು ಮೂರೂವರೆಗೆ ಬಂದರು. ಬೂತಿನ ಆ ಪಕ್ಕಕ್ಕೇ ಮಾಸ್ತರ ಮನೆ. ಗುರುಶಾಂತಮ್ಮ ದಪ್ಪ ಮೂಗುತಿಯ, ಮಾತು ಕಡಿಮೆಯ ಹೆಂಗಸು. ಓಣಿಯನ್ನೆಲ್ಲ ಒಂದು ಸಲ ಅಳೆದು ನೋಡಿ ಒಳಗೆ ಹೋದರು. ನಾನು ಬೂತಿನ ಕುರ್ಚಿಯಲ್ಲಿ ಕೂತೆ. ಸಾಬವ್ವ ದಾಲ್ ಮಿಲ್ಲಿನಿಂದ ಹಾಗೇ ಬಂದಿದ್ದಳು, ಮೈಯೆಲ್ಲ ತೊಗರಿ ಧೂಳು. ಹೇಳಿದ ಹೊತ್ತಿಗೆ ಫೋನು ಬಂತು. ಅದೇ ಹೊತ್ತಿಗೆ ಭೀಮಶಾನೂ ಬಂದು, ಮೋಟಾರು ಸೈಕಲ್ಲನ್ನು ಬೂತಿನ ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕುಳಿತ.

ಸಾಬವ್ವ ಬೆಂಚಿಗೆ ಬೆನ್ನು ಮಾಡಿ, ಬಾಗಿಲಿಗೆ ಕಾಲು ಕೊಟ್ಟು, ಪುಣೆಗೆ ಬೇಕಾದಷ್ಟು ದನಿ ಎತ್ತಿದಳು. "ಹಲೋ! ಅಳಬ್ಯಾಡ ನನ ಕಂದಾ! ಯಾವಾಗ ಹೊಂಟೀ ಹೇಳು!"

ಬೆಂಚಿನ ಮೇಲೆ ಚಹಾದ ಕಪ್ಪುಗಳು ತುಟಿಯ ಹತ್ತಿರವೇ ನಿಂತವು. ನಾನು ಎದ್ದೆ. ಸಿಕ್ಕಿಸಲು ನನಗೆ ಸೆರಗಿಲ್ಲ, ಧೋತರವನ್ನೇ ಎತ್ತಿ ಕಟ್ಟಿದೆ. "ಏ ಉಸ್ಮಾನಸಾಬ! ನಿನ್ನ ಹಾಲಿನಾಗ ಬರೇ ನೀರದ ನೋಡಲೇ!"

ಅವನಿಗೆ ತಿಳಿಯಿತು. "ನೀ ರಿಪೇರಿ ಮಾಡಿದ ಗಡಿಯಾರ ಹಿಂದ ಓಡ್ತದಲೇ!" ಎಂದು ಅವನೂ ಕೂಗಿದ.

ಅಲ್ಲಿಗೆ ಇಬ್ಬರ ಸರಕೂ ಮುಗಿಯಿತು. ಇಪ್ಪತ್ತು ವರ್ಷದ ದೋಸ್ತಿ, ಬೈಗುಳ ಬರಬೇಕಾದಲ್ಲಿ ನಗು ಬಂತು. ಬೆಂಚಿನವರು ಹಾಲಿನ ಮಾತಿಗೆ "ಅದು ಖರೇ" ಎಂದು ತಲೆಯಾಡಿಸಿ ಮತ್ತೆ ಬೂತಿನ ಕಡೆ ತಿರುಗಿದರು. ಭೀಮಶಾ ಕತ್ತು ಉದ್ದ ಮಾಡಿದ್ದ. ಸಾಬವ್ವನ ದನಿಯನ್ನು ಗುರುತು ಹಿಡಿಯುವ ಹಾಗೆ ಕಾಣುತ್ತಿತ್ತು. ಜಗಳವಾಡುವುದು ಎಷ್ಟು ಕಷ್ಟದ ವಿದ್ಯೆ ಎಂದು ನನಗೆ ಅಂದು ಗೊತ್ತಾಯಿತು. ಮೈಯೆಲ್ಲ ಬೆವರಿತು.

ಅಷ್ಟರಲ್ಲಿ ಶಿವಕಾಂತಾಬಾಯಿ ಚುರುಮುರಿ ಸುಸಲಾದ ತಟ್ಟೆ ಹಿಡಿದು ಮನೆಯ ಬಾಗಿಲಿಗೆ ಬಂದರು. ರೇಷ್ಮೆ ಸೀರೆ, ತಲೆ ತುಂಬ ಸೆರಗು, ಮುಖದಲ್ಲಿ ಎಂದೂ ಕಾಣದ ವಿನಯ. ಆಕೆ ಗೂಡನ್ನು ನೋಡಿದರು, ಭೀಮಶಾನನ್ನು ನೋಡಿದರು. ಹಿಂದಕ್ಕೆ ತಿರುಗಿ ಒಳಗಿನ ಮಗಳನ್ನೂ ಒಂದು ಸಲ ನೋಡಿದರು. ಆಕೆ ಒಳಗೆ ಹೋಗಿಬಿಡಲಿ ಎಂದೂ ನನಗೆ ಅನಿಸಿತು, ಹೋಗದಿರಲಿ ಎಂದೂ ಅನಿಸಿತು.

ಆಕೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಏ ಭೀಮಶಾ! ಈ ಗ್ವಾಡಿ ನಿಮ್ಮಪ್ಪ ಕಟ್ಟಿಸ್ಯಾನೇನಲೇ? ತಗೀ ಗಾಡಿ!"

"ಅಕ್ಕಾರ, ದಿನಾ ಇಲ್ಲೇ ನಿಲ್ಲಸ್ತೇನಿ. ಇವತ್ತೇನಾತ್ರಿ?"

"ದಿನಾ ನೋಡಿ ನೋಡೇ ನನ್ನ ಕಣ್ಣ ಕೆಟ್ಟಾವ! ನಿನ್ನ ಗಾಡಿ ಎಣ್ಣಿ ಸೋರಿ ಗ್ವಾಡಿ ಎಲ್ಲಾ ಕರ್ರಗಾಗ್ಯದ!"

"ಎಣ್ಣಿ ಕೆಳಗ ಸೋರ್ತದರಿ, ಗ್ವಾಡಿಗಿ ಹೆಂಗ ಹತ್ತತದ?"

"ನನಗ ಸಾಲಿ ಕಲಸಾಕ ಬಂದಿಯೇನು? ಮಾಸ್ತರ ಹೆಂಡ್ತಿ ಇದ್ದೀನಿ ನಾ! ಎದ್ದು ಬಾ ಇಲ್ಲಿ, ನಿನ್ನ ಕೈಲೇ ತಿಕ್ಕಸ್ತೇನಿ ಗ್ವಾಡಿ!"

ಭೀಮಶಾ ಎದ್ದ. ಬೆಂಚಿಗೆ ಬೆಂಚೇ ಎದ್ದಿತು. ಬಸ್ ಸ್ಟ್ಯಾಂಡಿನ ಕಂಟ್ರೋಲರೂ ಬಂದ. ಆಕೆಯ ದನಿ ಮುಂಬಯಿಯನ್ನೂ ದಾಟಿ ಹೋಗುವ ಹಾಗಿತ್ತು. ಗೂಡಿನೊಳಗೆ ಸಾಬವ್ವ ಏನು ಕೂಗಿದಳೋ ಎರಡು ಮಾರು ದೂರದ ನನಗೇ ಕೇಳಿಸಲಿಲ್ಲ. ಮನೆಯ ಬಾಗಿಲಲ್ಲಿ ಬೀಗರೆಲ್ಲ ಬಂದು ನಿಂತಿದ್ದರು. ಮಾಸ್ತರು ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕುಳಿತಿದ್ದರು. ಜಗದೇವಿ ಕಿಟಕಿಯಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಎಲ್ಲರೂ ಜಗಳ ನೋಡುತ್ತಿದ್ದರು. ಗುರುಶಾಂತಮ್ಮ ಮಾತ್ರ ಗೂಡಿನ ಕಡೆ ನೋಡುತ್ತಿದ್ದರು.

ಸಾಬವ್ವ ಫೋನು ಇಟ್ಟು, ಕಣ್ಣೊರೆಸಿಕೊಂಡು, ಯಾರ ಕಡೆಗೂ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದಳು. ಕರಜಗಿ ಮೇಲೆ ಸೊಲ್ಲಾಪುರಕ್ಕೆ ಹೋಗುವ ಬಸ್ಸು ಸಿಕ್ಕಿತು. ಮಗಳನ್ನು ಕರೆದುಕೊಂಡು ನರೋಣಾದ ತಮ್ಮನ ಮನೆ ಮುಟ್ಟಿದಳೆಂದು ನಮಗೆ ಆಮೇಲೆ ಸುದ್ದಿ ಬಂತು. ಸಾಬವ್ವ ಓಣಿಯ ತಿರುವು ದಾಟಿದ್ದೇ ತಡ, ಶಿವಕಾಂತಾಬಾಯಿ ಅರ್ಧ ಬೈಗುಳದಲ್ಲೇ ನಿಲ್ಲಿಸಿದರು. "ಇರ್ಲಿ ಹೋಗು" ಎಂದರು. ಭೀಮಶಾ ಬೆಪ್ಪಾಗಿ ಗೋಡೆ ಮುಟ್ಟಿ ನೋಡಿ, ಗಾಡಿ ಹತ್ತಿ ಹೋದ.

ಶಿವಕಾಂತಾಬಾಯಿ ಸೆರಗು ಬಿಚ್ಚಿ ನೆಲ ನೋಡುತ್ತ ನಿಂತರು. ಬೀರಲಿಂಗಪ್ಪ ಟೋಪಿ ಝಾಡಿಸಿ, "ನಡ್ರಿ ಅಮ್ಮಾರ, ಇನ್ನೇನದ ಇಲ್ಲಿ. ಐದರ ಬಸ್ಸಿಗಿ ಹೋಗೋಣು" ಎಂದ. ಅವನನ್ನು ಅಲ್ಲೇ ಒದೆಯಬೇಕು ಎನಿಸಿತು ನನಗೆ.

ಗುರುಶಾಂತಮ್ಮ ಮೆಟ್ಟಿಲಿಳಿದು ನಿಧಾನ ಬಂದರು. ಗೂಡಿನ ಬಾಗಿಲನ್ನು ಒಮ್ಮೆ ಮುಚ್ಚಿದರು, ಒಮ್ಮೆ ತೆರೆದರು. ಬೆಂಚಿನ ಮೇಲೆ ಮತ್ತೆ ಬಂದು ಕೂಡುತ್ತಿದ್ದ ಮಂದಿಯನ್ನು ನೋಡಿದರು.

"ನಮ್ಮ ಅಂದೋಲಾದಾಗೂ ಹಿಂತಾದೇ ಒಂದು ಫೋನದ," ಎಂದರು. "ಎಂಟು ದಿನ ಆತು, ಒಂದು ಮಾತು ಹೊಟ್ಟ್ಯಾಗ ಇಟಗೊಂಡು ತಿರಗಾಡಾಕತ್ತೇನಿ. ಅಲ್ಲಿ ಆಡಿದ್ರ ಊರ ತುಂಬ ಆಗ್ತದ."

ಆಮೇಲೆ ಕಾಲಿನಿಂದ ಬಾಗಿಲನ್ನು ಅರ್ಧಕ್ಕೆ ಹಿಡಿದು, ರಿಸೀವರ್ ಎತ್ತಿಕೊಂಡು ಈ ಕಡೆ ತಿರುಗಿದರು.

"ಬೀಗತ್ಯಾರ, ಇನ್ನೊಂದೀಟು ಜಗಳಾ ತಗೀರಿ."

ಶಿವಕಾಂತಾಬಾಯಿ ಕಣ್ಣೊರೆಸಿಕೊಂಡು ಸುತ್ತ ನೋಡಿದರು. ಬೀರಲಿಂಗಪ್ಪ ಹತ್ತಿರದಲ್ಲೇ ನಿಂತಿದ್ದ.